ಮೂಳೆ ಬರುವ ಮುಂಚೆ ಬಿಳಿ ರಕ್ತಕಣ ಎಲ್ಲಿತ್ತು?

ಪ್ರಶ್ನೆ: ಸರ್, ನಾನು ಸಕಲೇಶಪುರ ಕಡೆಯ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರದ ಮೇಷ್ಟ್ರು. ಬಿಳಿ ರಕ್ತಕಣಗಳು ಹುಟ್ಟುವುದು ಮೂಳೆ ಮಜ್ಜೆಯಲ್ಲಿ ಎಂದು ಪಾಠ ಮಾಡುತ್ತಿದ್ದೆ. ಒಬ್ಬಳು ಹುಡುಗಿ ಎದ್ದು ನಿಂತು, "ಒಂದು ತಿಂಗಳಿಗೆಲ್ಲ ಹೃದಯ ಬಡಿಯುತ್ತೆ ಅಂತ ಹೋದ ವಾರ ಹೇಳಿದ್ರಲ್ಲ ಸರ್, ಆಗ ಮೂಳೆನೇ ಇರಲ್ಲ. ರಕ್ತ ಎಲ್ಲಿಂದ ಬಂತು?" ಎಂದಳು. ಲಿವರ್‌ನಿಂದ ಎಂದೆ. "ಲಿವರ್ ಬರೋಕ್ಕಿಂತ ಮುಂಚೆ?" ಎಂದಳು. ನಾಳೆ ಹೇಳುತ್ತೇನೆ ಎಂದು ಕೂರಿಸಿದೆ. ರೋಗದ ವಿರುದ್ಧ ಹೋರಾಡುವ ಕೋಶಗಳು ಮೊಟ್ಟಮೊದಲು ಹುಟ್ಟುವುದು ಎಲ್ಲಿ? ತಾಯಿಯಿಂದಲೂ ಮಗುವಿಗೆ ಹೋಗುತ್ತವೆಯೇ?

ಉತ್ತರ:

ಮೇಷ್ಟ್ರೇ, ಮೊದಲು ಆ ಹುಡುಗಿಗೆ ಶಹಬ್ಬಾಸ್ ಹೇಳಿ. ಇದೇ ಪ್ರಶ್ನೆಗೆ ನಾನು ಎಷ್ಟೋ ವರ್ಷ ತಪ್ಪು ಉತ್ತರ ಕೊಟ್ಟವನು. ನನ್ನದು ಪಶುವೈದ್ಯ ಕಸುಬು. 1970ರ ದಶಕದಲ್ಲಿ ಹೆಬ್ಬಾಳದಲ್ಲಿ ಓದಿದೆ, ಆಮೇಲೆ ಭ್ರೂಣಶಾಸ್ತ್ರ ಕಲಿಸುತ್ತಾ ಸರ್ವೀಸ್ ಮುಗಿಸಿದೆ. ಈಗ ಹಾಸನದಲ್ಲಿ ಮನೆ, ನಾಲ್ಕು ತೆಂಗಿನ ಮರ, ಒಂದಿಷ್ಟು ನಾಟಿ ಕೋಳಿ. ಮಾತು ಅಲ್ಲಲ್ಲಿ ಹಸು ಕರು ಕೋಳಿ ಕಡೆ ಹೋಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಈ ವಿಷಯದಲ್ಲಿ ನಮಗೆ ಗೊತ್ತಿರುವುದರಲ್ಲಿ ಬಹಳಷ್ಟು ಬಂದದ್ದೂ ಅಲ್ಲಿಂದಲೇ.

ಚಿಕ್ಕ ಉತ್ತರ ಇದು. ಮೊದಲ ರಕ್ತ, ಮೊದಲ ಕಾವಲು ಕೋಶಗಳು ಹುಟ್ಟುವುದು ಭ್ರೂಣದ ಮೈಯೊಳಗೇ ಅಲ್ಲ. ಅದಕ್ಕೆ ಅಂಟಿಕೊಂಡಿರುವ ಹಳದಿ ಚೀಲದಲ್ಲಿ, ಅಂದರೆ ಯೋಕ್ ಸ್ಯಾಕ್‌ನಲ್ಲಿ. ಜೀವನಪೂರ್ತಿ ರಕ್ತ ಕೊಡುವ ಕಾಂಡಕೋಶಗಳು ಹುಟ್ಟುವುದು ಇನ್ನೊಂದು ಕಡೆ: ಮೈಯ ದೊಡ್ಡ ರಕ್ತನಾಳ ಅಯೋರ್ಟಾದ ಒಳಗೋಡೆಯಲ್ಲಿ. ಅವು ಲಿವರ್‌ಗೆ ಹೋಗಿ ಬೆಳೆದು, ಕೊನೆಗೆ ಮೂಳೆಯೊಳಗೆ ಸೇರುತ್ತವೆ. ನಿಮ್ಮ ಪಠ್ಯಪುಸ್ತಕ ಹೇಳುವುದು ಈ ಕೊನೆಯ ನಿಲ್ದಾಣವನ್ನು ಮಾತ್ರ. ಅದು ಸುಳ್ಳಲ್ಲ, ಆದರೆ ಸಿನಿಮಾದ ಕೊನೇ ರೀಲು ಮಾತ್ರ ತೋರಿಸಿದ ಹಾಗೆ.

ಇನ್ನು ದೊಡ್ಡ ಉತ್ತರ.

ಮನೆಯಲ್ಲಿ ಕೋಳಿ ಕಾವಿಗೆ ಕೂತಿದ್ದರೆ ನಾಲ್ಕನೇ ದಿನ ರಾತ್ರಿ ಮೆಲ್ಲಗೆ ಒಂದು ಮೊಟ್ಟೆ ಎತ್ತಿಕೊಳ್ಳಿ. ಲೈಟ್ ಆರಿಸಿ ಮೊಬೈಲ್ ಟಾರ್ಚ್ ಮೇಲೆ ಹಿಡಿಯಿರಿ. ಜೇಡರ ಬಲೆ ಥರ ಕೆಂಪು ಎಳೆಗಳು ಕಾಣುತ್ತವೆ, ನಡುವೆ ಒಂದು ಚುಕ್ಕೆ. ಚುಕ್ಕೆ ಮರಿ. ಈಗ ಒಂದು ವಿಷಯ ಗಮನಿಸಿ. ಎಳೆಗಳು ಇರುವುದು ಮರಿಯ ಒಳಗಲ್ಲ, ಹಳದಿಯ ಮೇಲೆ. ರಕ್ತ ಹೊರಗಿನಿಂದ ಮರಿಯ ಕಡೆಗೆ ಹರಿಯುತ್ತಿದೆ. ಸುಮಾರು 2300 ವರ್ಷದ ಹಿಂದೆ ಅರಿಸ್ಟಾಟಲ್ ಹೀಗೇ ಮೊಟ್ಟೆ ಒಡೆದು, ಮೂರು ದಿನ ಕಳೆದ ಮೇಲೆ ರಕ್ತದ ಒಂದು ಚುಕ್ಕೆ ಮಿಡಿಯುವುದನ್ನು ಬರೆದಿಟ್ಟ. 1817ರಲ್ಲಿ ಕ್ರಿಶ್ಚಿಯನ್ ಪಾಂಡರ್ ಎಂಬಾತ ಇನ್ನೂ ಮುಂಚಿನ ಮೊಟ್ಟೆಗಳನ್ನು ನೋಡಿದ. ಹಳದಿಯ ಮೇಲಿನ ಪದರದಲ್ಲಿ ಅಲ್ಲೊಂದು ಇಲ್ಲೊಂದು ಕೆಂಪು ಗುಡ್ಡೆಗಳು ಕಂಡವು. ಅವಕ್ಕೆ ಇವತ್ತಿಗೂ ರಕ್ತದ ದ್ವೀಪಗಳು ಎಂದೇ ಹೆಸರು. ದ್ವೀಪದ ಹೊರಗಿನ ಕೋಶಗಳು ರಕ್ತನಾಳದ ಗೋಡೆ ಆಗುತ್ತವೆ, ಒಳಗಿನವು ರಕ್ತ ಆಗುತ್ತವೆ. ಆಮೇಲೆ ಮಳೆ ಬಿದ್ದಾಗ ಗುಂಡಿಗಳೆಲ್ಲ ಕೂಡಿಕೊಂಡು ಹಳ್ಳ ಆಗುವ ಹಾಗೆ ಒಂದಕ್ಕೊಂದು ಸೇರುತ್ತವೆ.

ಮನುಷ್ಯರ ಭ್ರೂಣಕ್ಕೂ ಈ ಚೀಲ ಇದೆ. ಹಳದಿ ಇಲ್ಲ, ಚೀಲ ಮಾತ್ರ ಇದೆ. ಎರಡನೇ ತಿಂಗಳಲ್ಲಿ ಸ್ಕ್ಯಾನ್ ಮಾಡಿಸಿದವರ ರಿಪೋರ್ಟ್‌ನಲ್ಲಿ ಯೋಕ್ ಸ್ಯಾಕ್ ಕಾಣುತ್ತಿದೆ ಎಂದು ಬರೆದಿರುತ್ತಾರಲ್ಲ, ಅದೇ. ಅದರಲ್ಲಿ ಮೊದಲ ರಕ್ತ ಕಾಣಿಸುವುದು ಮೂರನೇ ವಾರದಲ್ಲಿ, ಹೃದಯ ಬಡಿಯುವುದಕ್ಕೆ ಕೆಲವು ದಿನ ಮುಂಚೆ. ನಾನು ಇಲ್ಲಿ ಹೇಳುವ ವಾರಗಳು ಗರ್ಭ ಕಟ್ಟಿದ ದಿನದಿಂದ ಲೆಕ್ಕ. ಡಾಕ್ಟರು ಕೊನೇ ಮುಟ್ಟಿನಿಂದ ಎಣಿಸುತ್ತಾರೆ, ಹಾಗಾಗಿ ಅವರ ಲೆಕ್ಕ 2 ವಾರ ಮುಂದೆ ಇರುತ್ತದೆ. ಕ್ಲಾಸಿನಲ್ಲಿ ಇದನ್ನು ಹೇಳದೇ ಹೋದರೆ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ.

ಹಳದಿ ಚೀಲದಲ್ಲಿ ಹುಟ್ಟುವುದು ಯಾರ್ಯಾರು? ಒಂದು, ಆಮ್ಲಜನಕ ಹೊರುವ ಕೆಂಪು ಕಣಗಳು. ಭ್ರೂಣ ಬೆಳೆಯಬೇಕು, ಅವಸರ ಇದೆ. ಇನ್ನೊಂದು, ಮ್ಯಾಕ್ರೋಫೇಜ್ ಎಂಬ ದೊಡ್ಡ ಕೋಶಗಳು. ಸಿಕ್ಕಿದ್ದನ್ನು ನುಂಗುವ ಜಾತಿ. 1882ರಲ್ಲಿ ಇಲ್ಯಾ ಮೆಚ್ನಿಕಾಫ್ ಇಟಲಿಯ ಮೆಸ್ಸೀನಾದಲ್ಲಿ ನಕ್ಷತ್ರ ಮೀನಿನ ಮರಿಗೆ ಗುಲಾಬಿ ಮುಳ್ಳು ಚುಚ್ಚಿ, ಮಾರನೇ ದಿನ ಮುಳ್ಳಿನ ಸುತ್ತ ಕೋಶಗಳು ಮುತ್ತಿಕೊಂಡಿದ್ದನ್ನು ನೋಡಿದ್ದು ಇಂಥವನ್ನೇ. 1908ರ ನೊಬೆಲ್‌ನಲ್ಲಿ ಪಾಲು ಸಿಕ್ಕಿದ್ದು ಈ ಕೆಲಸಕ್ಕೆ.

ಆದರೆ ತಾಯಿಯ ಹೊಟ್ಟೆಯಲ್ಲಿ ಬೆಚ್ಚಗೆ ಮಲಗಿರುವ ಭ್ರೂಣಕ್ಕೆ ಇಷ್ಟು ಬೇಗ ಕಾವಲುಗಾರರು ಯಾಕೆ? ರೋಗಾಣು ಅಲ್ಲಿಗೆ ಬರುವುದೇ ಅಪರೂಪ. ನನಗೆ ಬಹಳ ಇಷ್ಟದ ಪ್ರಶ್ನೆ ಇದು. ಉತ್ತರ ಏನೆಂದರೆ, ಅವು ಮೊದಲು ಬರುವುದು ಕಾವಲಿಗಲ್ಲ, ಕಸ ಗುಡಿಸುವುದಕ್ಕೆ. ಮೈ ಕಟ್ಟುವಾಗ ಬಹಳ ಕೋಶಗಳು ಸಾಯಬೇಕಾಗುತ್ತದೆ. ಮಗುವಿನ ಕೈ ಮೊದಲು ಬಾತುಕೋಳಿ ಕಾಲಿನ ಹಾಗೆ ಚಪ್ಪಟೆ ಇರುತ್ತದೆ. ಬೆರಳುಗಳ ನಡುವಿನ ಕೋಶ ಸತ್ತರೆ ತಾನೇ ಐದು ಬೆರಳು ಬಿಡಿಯಾಗುವುದು? ಆ ಹೆಣಗಳನ್ನು ನುಂಗಿ ಜಾಗ ಚೊಕ್ಕ ಮಾಡುವುದು ಮ್ಯಾಕ್ರೋಫೇಜ್. ನಾವು ಇವನ್ನು ಸೈನಿಕರು ಸೈನಿಕರು ಎಂದು ಪಾಠ ಮಾಡುತ್ತೇವೆ. ಹುಟ್ಟಿನ ಲೆಕ್ಕದಲ್ಲಿ ನೋಡಿದರೆ ಪೌರಕಾರ್ಮಿಕರು ಎನ್ನುವುದೇ ಸರಿ. ಸೈನಿಕರ ಕೆಲಸ ಆಮೇಲೆ ಮೈಮೇಲೆ ಬಿದ್ದದ್ದು.

ಈಗ ನಾನು ತಪ್ಪು ಹೇಳಿದ ಭಾಗಕ್ಕೆ ಬರುತ್ತೇನೆ.

ನಾವು ಓದುವಾಗ ಇದ್ದ ತಿಳಿವಳಿಕೆ ಸರಳವಾಗಿತ್ತು. ರಕ್ತದ ಎಲ್ಲ ಕೋಶಗಳ ಮೂಲ ಹಳದಿ ಚೀಲ. ಅಲ್ಲಿಂದ ಲಿವರ್‌ಗೆ, ಲಿವರ್‌ನಿಂದ ಮಜ್ಜೆಗೆ. ಒಂದೇ ಬಸ್ಸು, ಮೂರು ಸ್ಟಾಪು. 1970ರ ಹೊತ್ತಿಗೆ ಮೂರ್ ಮತ್ತು ಮೆಟ್‌ಕಾಫ್ ಎಂಬ ದೊಡ್ಡ ವಿಜ್ಞಾನಿಗಳೇ ಹಾಗೆ ಹೇಳಿದ್ದರು. ನಾನೂ ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಬರೆಯುತ್ತಿದ್ದೆ. ಬರೆಯುವುದಕ್ಕೂ ಸುಲಭ, ಪರೀಕ್ಷೆಗೂ ಸುಲಭ.

ಅದನ್ನು ಅಲ್ಲಾಡಿಸಿದ್ದು ಫ್ರಾನ್ಸಿನ ಒಬ್ಬ ಹೆಣ್ಣುಮಗಳು, ಫ್ರಾಂಸ್ವಾಸ್ ದೀತೆರ್ಲೆನ್-ಲಿಯೇವ್ರ್. ಅದಕ್ಕೆ ಹಿನ್ನೆಲೆ ಹಾಕಿಕೊಟ್ಟವರು ಇನ್ನೊಬ್ಬರು, ನಿಕೋಲ್ ಲೆ ದ್ವಾರಾಂ. ಗೌಜಲ ಹಕ್ಕಿಯ ಕೋಶವನ್ನೂ ಕೋಳಿಯ ಕೋಶವನ್ನೂ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸುಲಭವಾಗಿ ಬೇರೆ ಮಾಡಬಹುದು ಎಂದು 1969ರಲ್ಲಿ ಲೆ ದ್ವಾರಾಂ ತೋರಿಸಿದ್ದರು. ಗೌಜಲದ ಕೋಶಕೇಂದ್ರದಲ್ಲಿ ಒಂದು ಗಟ್ಟಿ ಗಂಟು ಎದ್ದು ಕಾಣುತ್ತದೆ, ಕೋಳಿಯದರಲ್ಲಿ ಹಾಗಿಲ್ಲ. ಎರಡನ್ನೂ ಬೆರೆಸಿ ಬೆಳೆಸಿದರೆ ಯಾವ ಕೋಶ ಯಾರದ್ದು ಎಂದು ಹೇಳಬಹುದು. ಎರಡು ಮನೆಯ ಕುರಿ ಒಂದೇ ಮಂದೆಯಲ್ಲಿ ಮೇಯುವಾಗ ಕಿವಿಯ ಗುರುತು ನೋಡಿ ಬೇರೆ ಮಾಡುವುದಿಲ್ಲವೇ, ಹಾಗೆ.

1975ರಲ್ಲಿ ದೀತೆರ್ಲೆನ್-ಲಿಯೇವ್ರ್ ಮಾಡಿದ್ದು ಇದು. ಎರಡನೇ ದಿನದ ಮೊಟ್ಟೆ. ಮೈಯ ರಕ್ತನಾಳಕ್ಕೂ ಚೀಲದ ರಕ್ತನಾಳಕ್ಕೂ ಇನ್ನೂ ಸಂಪರ್ಕ ಆಗಿಲ್ಲ. ಕೋಳಿಯ ಮೊಟ್ಟೆಯಿಂದ ಕೋಳಿ ಭ್ರೂಣವನ್ನು ಮಾತ್ರ ಕತ್ತರಿಸಿ ತೆಗೆದು, ಆ ಜಾಗಕ್ಕೆ ಗೌಜಲದ ಭ್ರೂಣವನ್ನು ಹೊಲಿದರು. ಈಗ ಮೈ ಗೌಜಲದ್ದು, ಹಳದಿ ಚೀಲ ಕೋಳಿಯದ್ದು. ಹಳೇ ಪಾಠ ನಿಜವಾಗಿದ್ದರೆ ಕೆಲವು ದಿನದ ನಂತರ ಆ ಮರಿಯ ಗುಲ್ಮ (ಸ್ಪ್ಲೀನ್), ಥೈಮಸ್ ಗ್ರಂಥಿಗಳಲ್ಲಿ ಕೋಳಿಯ ಕೋಶಗಳು ತುಂಬಿರಬೇಕು ಅಲ್ವಾ? ಇರಲಿಲ್ಲ. ಅಲ್ಲಿದ್ದವು ಗೌಜಲದವು. ಮೊದಮೊದಲು ಹರಿದ ರಕ್ತ ಕೋಳಿಯದ್ದೇ, ಆದರೆ ದಿನ ಕಳೆದಂತೆ ಗೌಜಲದ ರಕ್ತ ಅದರ ಜಾಗ ಹಿಡಿಯಿತು. ಅಂದರೆ ಮೈಯೊಳಗೇ ಇನ್ನೊಂದು ಮೂಲ ಇದೆ!

ಮೊಟ್ಟೆಯೊಳಗೆ ಎರಡು ದಿನದ ಭ್ರೂಣ ಎಂದರೆ ಉದ್ದ ಒಂದು ಅಕ್ಕಿ ಕಾಳಿನಷ್ಟು. ಅದನ್ನು ಕತ್ತರಿಸಿ ಬೇರೆ ಮೊಟ್ಟೆಗೆ ಹೊಲಿದು ಬದುಕಿಸುವುದು ಎಂಥ ಕೈಚಳಕ ನೋಡಿ. ನಾನು ಒಂದು ಭ್ರೂಣವನ್ನು ಹರಿಯದೆ ಸ್ಲೈಡಿಗೆ ಏರಿಸುವುದಕ್ಕೇ ಬೆವರು ಸುರಿಸಿದವನು. ಈ ಪ್ರಬಂಧ ಬಂದು ಎಷ್ಟೋ ವರ್ಷದ ಮೇಲೂ ನಾನು ಹಳೇ ಬಾಣವನ್ನೇ ಬರೆಯುತ್ತಿದ್ದೆ. ಪುಸ್ತಕ ಬದಲಾಗುವವರೆಗೆ ಮೇಷ್ಟ್ರು ಬದಲಾಗುವುದಿಲ್ಲ, ನಮ್ಮ ಕಸುಬಿನ ಕಷ್ಟ ಅದು.

ಆ ಒಳಗಿನ ಮೂಲ ಅಯೋರ್ಟಾ. ಹೃದಯದಿಂದ ಹೊರಟು ಬೆನ್ನಿನ ಉದ್ದಕ್ಕೂ ಇಳಿಯುವ ಮುಖ್ಯ ನಾಳ. ಅದರ ಒಳಗೋಡೆಗೆ ಹಂಚು ಹೊದಿಸಿದ ಹಾಗೆ ಚಪ್ಪಟೆ ಕೋಶಗಳು ಸಾಲಾಗಿ ಕೂತಿರುತ್ತವೆ. ಹೊಟ್ಟೆಯ ಕಡೆಗಿರುವ ಗೋಡೆಯಲ್ಲಿ, ಅಂದರೆ ನಾಳದ ನೆಲದಲ್ಲಿ, ಕೆಲವು ಕೋಶಗಳು ಬಾಗಿ, ಉಬ್ಬಿ, ಗುಂಡಗಾಗಿ, ಪಕ್ಕದವರ ಕೈ ಬಿಡಿಸಿಕೊಂಡು ಹೊರಬರುತ್ತವೆ. ನಿನ್ನೆಯವರೆಗೆ ಗೋಡೆಯಾಗಿದ್ದದ್ದು ಇವತ್ತು ರಕ್ತ. ಗೋಡೆಯಲ್ಲಿ ಗೊಂಚಲುಗಳಾಗಿ ಅಂಟಿಕೊಂಡ ಕೋಶಗಳನ್ನು ಹಳಬರು ನೂರು ವರ್ಷದ ಹಿಂದೆಯೇ ನೋಡಿದ್ದರು. ಆದರೆ ಅವು ಗೋಡೆಯಿಂದ ಹುಟ್ಟಿದವೋ, ಹೊರಗಿನಿಂದ ಬಂದು ಅಂಟಿಕೊಂಡವೋ ಎನ್ನುವ ಜಗಳ ಮುಗಿದಿರಲಿಲ್ಲ. ಸ್ಲೈಡ್ ಎಂದರೆ ಸತ್ತ ಚಿತ್ರ. ಹೋಗುತ್ತಿದೆಯೋ ಬರುತ್ತಿದೆಯೋ ಅದರಲ್ಲಿ ಗೊತ್ತಾಗುವುದಿಲ್ಲ.

ಜಗಳ ಮುಗಿಸಿದ್ದು ಒಂದು ಮೀನು. ಜೀಬ್ರಾಫಿಶ್ ನಮ್ಮ ದೇಶದ ಹಳ್ಳ ತೊರೆಗಳದ್ದೇ ಪಟ್ಟೆ ಮೀನು, ಅದರ ಮರಿ ಗಾಜಿನ ಹಾಗೆ ಪಾರದರ್ಶಕ. 2010ರಲ್ಲಿ ಅದರ ಅಯೋರ್ಟಾವನ್ನು ಜೀವಂತವಾಗಿಯೇ ವಿಡಿಯೋ ಮಾಡಿದರು. ಗೋಡೆಯ ಕೋಶ ಎದ್ದು ಬರುವುದು ಕಣ್ಣೆದುರೇ ಕಂಡಿತು. ಅದೇ ವರ್ಷ ಇಲಿಯ ಭ್ರೂಣದಲ್ಲೂ ಕಂಡಿತು. ಮನುಷ್ಯರಲ್ಲಿ ಹೀಗಾಗುವುದು ಸುಮಾರು 27ನೇ ದಿನದಿಂದ, ಒಂದೆರಡು ವಾರ ಅಷ್ಟೇ. ಆಮೇಲೆ ಆ ಬಾಗಿಲು ಮುಚ್ಚುತ್ತದೆ. ನಿಮ್ಮ, ನನ್ನ ಮಜ್ಜೆಯಲ್ಲಿ ಈಗ ರಕ್ತ ಮಾಡುತ್ತಿರುವ ಕಾಂಡಕೋಶಗಳೆಲ್ಲ ಮುಖ್ಯವಾಗಿ ಆ ಕೆಲವು ದಿನಗಳಲ್ಲಿ ಹುಟ್ಟಿದವುಗಳ ಮಕ್ಕಳು ಮೊಮ್ಮಕ್ಕಳು. ಈ ಬದಲಾವಣೆಗೆ ರನ್ಎಕ್ಸ್1 ಎಂಬ ಜೀನ್ ಬೇಕೇ ಬೇಕು. ಅದನ್ನು ತೆಗೆದ ಇಲಿ ಮರಿ ಹೊಟ್ಟೆಯಲ್ಲೇ ಸಾಯುತ್ತದೆ. ಅದೇ ಜೀನ್ ಕೆಟ್ಟರೆ ದೊಡ್ಡವರಲ್ಲಿ ಕೆಲವು ಬಗೆಯ ರಕ್ತದ ಕ್ಯಾನ್ಸರ್ ಬರುತ್ತದೆ.

ಇಲ್ಲಿಂದ ಮುಂದಕ್ಕೆ ಲಿವರ್. ಕ್ಲಾಸಿನಲ್ಲಿ ಒಟ್ಲು ಪಾತಿ ಹೋಲಿಕೆ ಕೊಡಿ, ನಮ್ಮ ಕಡೆ ಮಕ್ಕಳಿಗೆ ತಟ್ಟನೆ ಅರ್ಥವಾಗುತ್ತದೆ. ಭತ್ತವನ್ನು ಗದ್ದೆಗೆ ನೇರ ಎರಚದೆ ಒಟ್ಲಲ್ಲಿ ಪೈರು ಮಾಡಿಕೊಂಡು ನಾಟಿ ಮಾಡುತ್ತೇವೆ. ಅಯೋರ್ಟಾ ಕೊಟ್ಟದ್ದು ಬೀಜ, ಅದೂ ಬೆರಳೆಣಿಕೆಯಷ್ಟು. ಲಿವರ್ ಒಟ್ಲು. ಮಜ್ಜೆ ಗದ್ದೆ. ಮನುಷ್ಯರಲ್ಲಿ ಸುಮಾರು 6ನೇ ವಾರದಿಂದ 5ನೇ ತಿಂಗಳು ದಾಟುವವರೆಗೂ ರಕ್ತದ ಮುಖ್ಯ ಕಾರ್ಖಾನೆ ಲಿವರ್. ಎಳೇ ಭ್ರೂಣದಲ್ಲಿ ಲಿವರ್ ಮೈಗಿಂತ ದೊಡ್ಡದೇನೋ ಎನ್ನುವ ಹಾಗೆ ಹೊಟ್ಟೆ ತುಂಬಿ ಕೂತಿರುವುದು ಅದಕ್ಕೇ. ಕರುವಿನ ಭ್ರೂಣದ ಲಿವರ್ ಸ್ಲೈಡ್ ನೋಡಿದರೆ ಅದು ಲಿವರ್ ಎಂದು ಹೇಳುವುದೇ ಕಷ್ಟ, ಅಷ್ಟು ರಕ್ತದ ಕೋಶಗಳು ತುಂಬಿರುತ್ತವೆ. ಮಜ್ಜೆಯಲ್ಲಿ ರಕ್ತದ ಕೆಲಸ ಶುರುವಾಗುವುದು 10, 11ನೇ ವಾರದ ಹೊತ್ತಿಗೆ. ಅದರ ಕೈಗೆ ಪೂರ್ತಿ ಯಜಮಾನಿಕೆ ಬರುವುದು ಕೊನೆಯ ಮೂರು ತಿಂಗಳಲ್ಲಿ. ಥಲಸ್ಸೀಮಿಯ ಎಂಬ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇರುವ ಮಕ್ಕಳಿಗೆ ಹೊಟ್ಟೆ ಊದಿರುವುದನ್ನು ನೋಡಿರಬಹುದು. ಮಜ್ಜೆ ಸೋತಾಗ ಲಿವರ್, ಗುಲ್ಮ ತಮ್ಮ ಹಳೇ ಕೆಲಸಕ್ಕೆ ಮರಳುವುದೂ ಅದಕ್ಕೆ ಒಂದು ಕಾರಣ.

ಹುಟ್ಟುವ ಹೊತ್ತಿಗೂ ಕಾಂಡಕೋಶಗಳು ರಕ್ತದಲ್ಲಿ ಓಡಾಡುತ್ತಿರುತ್ತವೆ. ಹೊಕ್ಕುಳ ಬಳ್ಳಿಯ ರಕ್ತದಲ್ಲಿ ಅವು ಸಿಗುವುದು ಹೀಗೆ. 1988ರಲ್ಲಿ ಪ್ಯಾರಿಸ್‌ನಲ್ಲಿ ಒಬ್ಬ ಹುಡುಗನಿಗೆ ತಂಗಿಯ ಹೊಕ್ಕುಳ ಬಳ್ಳಿಯ ರಕ್ತ ಕೊಟ್ಟು ಬದುಕಿಸಿದರು. ಸ್ವಂತಕ್ಕೆಂದು ದುಡ್ಡು ಕೊಟ್ಟು ಅದನ್ನು ಕೂಡಿಡುವ ವ್ಯಾಪಾರ ಮಾತ್ರ ಬೇರೆ, ಅದನ್ನು ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಶಿಫಾರಸು ಮಾಡುವುದಿಲ್ಲ. ಯಾರಾದರೂ ಕೇಳಿದರೆ ಹೇಳಿ.

ಒಟ್ಲಿನ ಹೋಲಿಕೆ ಒಂದು ಕಡೆ ಸೋಲುತ್ತದೆ. ನನ್ನ ಹಳೇ ಬಾಣ ಇನ್ನೂ ಜೋರಾಗಿ ಮುರಿದದ್ದೂ ಅಲ್ಲೇ. ಹಳದಿ ಚೀಲದ ಮೊದಲ ಮ್ಯಾಕ್ರೋಫೇಜ್‌ಗಳು ಏನಾದವು? ಹೊಸಬರು ಬಂದ ಮೇಲೆ ಸತ್ತುಹೋದವು ಎಂದುಕೊಂಡಿದ್ದೆವು. ಇಲ್ಲ. ಅವು ಒಟ್ಲು ಗದ್ದೆ ಯಾವುದಕ್ಕೂ ಕಾಯದೆ ನೇರವಾಗಿ ಹೋಗಿ ಅಂಗಾಂಗಗಳಲ್ಲಿ ಮನೆ ಮಾಡಿಕೊಂಡವು. ಅದರಲ್ಲೂ ಮೆದುಳಿನಲ್ಲಿ.

ಮೆದುಳಿನಲ್ಲಿ ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳಿವೆ. ಸ್ಪೇನಿನ ಪಿಯೋ ದೆಲ್ ರಿಯೋ ಒರ್ತೆಗಾ 1919ರಲ್ಲಿ ಅವನ್ನು ವಿವರಿಸಿ, ಇವು ನರಕೋಶಗಳ ವಂಶದವಲ್ಲ, ಹೊರಗಿನಿಂದ ಬಂದು ಸೇರಿದವು ಎಂದಿದ್ದರು. ಎಲ್ಲಿಂದ ಎಂದು ಖಚಿತವಾಗಿ ತೋರಿಸುವುದಕ್ಕೆ 2010 ಆಯಿತು. ಫ್ಲೋರೆಂಟ್ ಜಿನೂ ಮತ್ತು ಜೊತೆಗಾರರು ಇಲಿಯ ಭ್ರೂಣ ಇನ್ನೂ 7 ದಿನದ್ದಿರುವಾಗ, ರಕ್ತ ಬರೀ ಹಳದಿ ಚೀಲದಲ್ಲಿ ಹುಟ್ಟುತ್ತಿರುವ ಹೊತ್ತಿಗೆ, ಆ ಕೋಶಗಳಿಗೆ ಅಳಿಸಲಾಗದ ಗುರುತು ಹಾಕಿದರು. ಇಲಿ ಹುಟ್ಟಿ ದೊಡ್ಡದಾಯಿತು. ಅದರ ಮೈಕ್ರೋಗ್ಲಿಯಾಗಳಲ್ಲಿ ಆ ಗುರುತು ಇತ್ತು! ರಕ್ತದಲ್ಲಿ ಓಡಾಡುವ ಬಿಳಿ ಕಣಗಳಲ್ಲಿ ಹೆಚ್ಚುಕಮ್ಮಿ ಇರಲೇ ಇಲ್ಲ. ಮೆದುಳಿನ ಸುತ್ತ ಬೇಲಿ ಕಟ್ಟುವುದಕ್ಕೆ ಮುಂಚೆ ಒಳಗೆ ಹೋದವರು ಅಲ್ಲೇ ಸಂಸಾರ ಹೂಡಿ, ತಮ್ಮ ಸಂತತಿಯನ್ನು ತಾವೇ ಬೆಳೆಸಿಕೊಂಡಿದ್ದಾರೆ. ನಾನು ರಿಟೈರ್ ಆಗುವ ಹೊತ್ತಿಗೆ ಬಂದ ಸುದ್ದಿ ಇದು. ಓದಿ ಎರಡು ದಿನ ಅದನ್ನೇ ಯೋಚಿಸುತ್ತಿದ್ದೆ. ಚೀಲ ಮೂರನೇ ತಿಂಗಳ ಹೊತ್ತಿಗೆ ಮುದುಡಿ ಹೋಗುತ್ತದೆ. ಅದರ ಮಕ್ಕಳು ಮಾತ್ರ ತಲೆಯೊಳಗೆ ಕೊನೆಯವರೆಗೂ ಇರುತ್ತಾರೆ.

ಎಲ್ಲ ಅಂಗಕ್ಕೂ ಇದೇ ಲೆಕ್ಕ ಅಲ್ಲ. ಲಿವರ್‌ನ ಕಾವಲು ಕೋಶಗಳಲ್ಲಿ ಹಳದಿ ಚೀಲದ ಪಾಲು ಜಾಸ್ತಿ. ಶ್ವಾಸಕೋಶದವು ಭ್ರೂಣದ ಲಿವರ್ ಮೂಲಕ ಬಂದು, ಹುಟ್ಟಿದ ಮೇಲೆ ಮೊದಲ ಉಸಿರಾಟದ ದಿನಗಳಲ್ಲಿ ಬಲಿಯುತ್ತವೆ. ಕರುಳಿನವು ತದ್ವಿರುದ್ಧ. ಅಲ್ಲಿ ಕೆಲಸ ಕಷ್ಟ, ಬೇಗ ಸವೆಯುತ್ತವೆ, ಹಾಗಾಗಿ ಮಜ್ಜೆಯಿಂದ ಹೊಸ ಆಳು ಬರುತ್ತಲೇ ಇರಬೇಕು. ಎಸ್ಟೇಟಿನ ಭಾಷೆಯಲ್ಲಿ ಹೇಳುವುದಾದರೆ ಮೆದುಳಿನವು ಲೈನ್ ಮನೆಯಲ್ಲಿ ತಲೆಮಾರುಗಳಿಂದ ಇರುವವರು, ಕರುಳಿನವು ಹಣ್ಣು ಕೊಯ್ಲಿಗೆ ಬಂದು ಹೋಗುವವರು.

ನಿಮ್ಮ ಹುಡುಗಿಗೆ ಇಷ್ಟವಾಗುವ ಒಂದು ಮಾತು. ಮೂಳೆಯೊಳಗೆ ಮಜ್ಜೆಗೆ ಜಾಗ ಬೇಕಲ್ಲ, ಆ ಪೊಳ್ಳನ್ನು ಕೊರೆಯುವುದು ಆಸ್ಟಿಯೋಕ್ಲಾಸ್ಟ್ ಎಂಬ ಮೂಳೆ ತಿನ್ನುವ ಕೋಶಗಳು. ಅವು ಮ್ಯಾಕ್ರೋಫೇಜ್‌ಗಳ ನೆಂಟರು. ಎಳವೆಯಲ್ಲಿ ಈ ಕೆಲಸ ಮಾಡುವವು ಹಳದಿ ಚೀಲದ ಮೂಲದಿಂದ ಬಂದವು ಎಂದು 2019ರಲ್ಲಿ ಇಲಿಗಳಲ್ಲಿ ಗೊತ್ತಾಯಿತು. ಮೂಳೆ ಮೊದಲೋ ಬಿಳಿ ಕಣ ಮೊದಲೋ ಎಂದು ಅವಳು ಮತ್ತೆ ಕೇಳಿದರೆ ಧೈರ್ಯವಾಗಿ ಹೇಳಿ: ನಲ್ಲಿ ಮೂಳೆಗೆ ತೂತು ಕೊರೆದದ್ದೇ ಆ ಸಂಬಂಧಿಕರು.

ಇನ್ನು ಟಿ ಮತ್ತು ಬಿ ಕೋಶಗಳು, ಒಂದೊಂದು ರೋಗಾಣುವನ್ನೂ ಬೇರೆಬೇರೆಯಾಗಿ ಗುರುತಿಸುವ ಬಿಳಿ ಕಣಗಳು. ಟಿ ಎಂದರೆ ಥೈಮಸ್. ಎದೆಯ ಮೇಲ್ಭಾಗದ ಗ್ರಂಥಿ. ಬೀಜ ಲಿವರ್‌ನಿಂದ, ಆಮೇಲೆ ಮಜ್ಜೆಯಿಂದ ಬರುತ್ತದೆ, ಪಾಠ ಥೈಮಸ್‌ನಲ್ಲಿ ಆಗುತ್ತದೆ. ಮನುಷ್ಯರಲ್ಲಿ 8ನೇ ವಾರದ ಹೊತ್ತಿಗೆ ಮೊದಲ ವಿದ್ಯಾರ್ಥಿಗಳು ಬಂದು ಸೇರುತ್ತಾರೆ. ಸ್ವಂತ ಮೈಯನ್ನೇ ಕಚ್ಚುವ ಬುದ್ಧಿ ಇರುವವರನ್ನು ಅಲ್ಲೇ ಕೊಲ್ಲಲಾಗುತ್ತದೆ, ಬಹುಪಾಲು ಮಂದಿ ಪಾಸೇ ಆಗುವುದಿಲ್ಲ. ಎಳೇ ಕರುವಿನಲ್ಲಿ ಇದು ಕುತ್ತಿಗೆಯ ಉದ್ದಕ್ಕೂ ದಪ್ಪಗೆ ಇರುತ್ತದೆ. ಮುದಿ ಹಸುವಿನಲ್ಲಿ ಹುಡುಕಿದರೆ ಕೊಬ್ಬು ಸಿಗುತ್ತದೆ ಅಷ್ಟೇ.

ಬಿ ಕೋಶದ ಕೆಲಸ ಪ್ರತಿಕಾಯ ಮಾಡುವುದು, ಅಂದರೆ ರೋಗಾಣುವಿಗೆ ಅಂಟಿಕೊಂಡು ತಡೆಯುವ ಪ್ರೊಟೀನು. ಅದರ ಹೆಸರಿನ ಕಥೆ ಹೇಳದೆ ಮುಂದೆ ಹೋಗಲಾರೆ. ಎಷ್ಟೋ ಜನ ಬಿ ಎಂದರೆ ಬೋನ್ ಮ್ಯಾರೋ ಎಂದುಕೊಂಡಿದ್ದಾರೆ. ಅಲ್ಲ, ಬರ್ಸಾ. ಕೋಳಿಯ ಗುದದ್ವಾರದ ಹತ್ತಿರ, ಬೆನ್ನಿನ ಕಡೆಗೆ, ಒಂದು ಸಣ್ಣ ಚೀಲ ಇದೆ. ಫ್ಯಾಬ್ರಿಸಿಯಸ್ ಎಂಬ ಇಟಲಿಯ ಅಂಗರಚನಾ ಪಂಡಿತ ನಾನೂರು ವರ್ಷದ ಹಿಂದೆ ವಿವರಿಸಿದ್ದು. ಯಾಕಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. 1950ರ ದಶಕದಲ್ಲಿ ಅಮೆರಿಕದ ಓಹಾಯೋದಲ್ಲಿ ಬ್ರೂಸ್ ಗ್ಲಿಕ್ ಎಂಬ ವಿದ್ಯಾರ್ಥಿ ಮರಿಗಳಿಂದ ಅದನ್ನು ಕತ್ತರಿಸಿ ತೆಗೆದು ನೋಡುತ್ತಿದ್ದ. ಏನೂ ವಿಶೇಷ ಕಾಣಲಿಲ್ಲ. ಅವನ ಗೆಳೆಯ ತಿಮೋತಿ ಚಾಂಗ್‌ಗೆ ಕ್ಲಾಸಿನಲ್ಲಿ ಪ್ರತಿಕಾಯ ತೋರಿಸುವ ಪ್ರಯೋಗಕ್ಕೆ ಕೋಳಿ ಬೇಕಿತ್ತು. ಆ ಉಳಿದ ಕೋಳಿಗಳನ್ನೇ ಕೊಂಡು ಹೋದ. ಸಾಲ್ಮೊನೆಲ್ಲಾ ಚುಚ್ಚಿದರೂ ಪ್ರತಿಕಾಯವೇ ಬರಲಿಲ್ಲ, ಕ್ಲಾಸಿನ ಪ್ರಯೋಗ ಕೆಟ್ಟಿತು. ಯಾಕೆ ಎಂದು ಹುಡುಕಿದಾಗ ಎಲ್ಲ ಬರ್ಸಾ ತೆಗೆದ ಕೋಳಿಗಳು! 1956ರಲ್ಲಿ ಅದು ಅಚ್ಚಾದದ್ದು ಕೋಳಿ ಸಾಕಾಣಿಕೆಯ ಪತ್ರಿಕೆಯಲ್ಲಿ. ಹಾಗಾಗಿ ಮನುಷ್ಯರ ಡಾಕ್ಟರುಗಳ ಕಣ್ಣಿಗೆ ಬೀಳುವುದಕ್ಕೆ ಸಮಯ ಹಿಡಿಯಿತು. ಕೋಳಿ ಶೆಡ್ ಇಟ್ಟವರಿಗೆ ಗುಂಬೊರೊ ಕಾಯಿಲೆ ಗೊತ್ತು. ಅದರ ವೈರಸ್ ತಿನ್ನುವುದು ಇದೇ ಬರ್ಸಾವನ್ನು. ಬದುಕುಳಿದ ಮರಿಗೂ ಆಮೇಲೆ ಹಾಕುವ ಲಸಿಕೆ ಸರಿಯಾಗಿ ಹತ್ತುವುದಿಲ್ಲ. ನಮಗೆ ಬರ್ಸಾ ಇಲ್ಲ, ಆ ಕೆಲಸವನ್ನು ಮೊದಲು ಲಿವರ್, ಆಮೇಲೆ ಮಜ್ಜೆ ಮಾಡುತ್ತವೆ.

ಕೋಶಗಳು ಹೀಗೆ ಊರೂರು ತಿರುಗುತ್ತವೆ ಎನ್ನುವುದಕ್ಕೆ ನಮ್ಮ ಕೊಟ್ಟಿಗೆಯಲ್ಲೇ ಸಾಕ್ಷಿ ಇದೆ. ಹಸು ಅವಳಿ ಹಾಕಿದಾಗ ಒಂದು ಹೋರಿಗರು, ಒಂದು ಹೆಣ್ಣುಗರು ಆದರೆ ಹಳೇ ರೈತರು ಹೆಣ್ಣುಗರುವನ್ನು ಕಡಸು ಮಾಡುವ ಆಸೆ ಬಿಡುತ್ತಾರೆ. ಅದು ಬೆದೆಗೆ ಬರುವುದಿಲ್ಲ, ಗೊಡ್ಡು. ಅವರು ಹೇಳುವುದು ಸರಿ, ಇಂಥ 100 ಕರುಗಳಲ್ಲಿ 90ಕ್ಕೂ ಜಾಸ್ತಿ ಹಾಗೇ. ಚನ್ನರಾಯಪಟ್ಟಣದ ಕಡೆ ಒಬ್ಬ ಯಜಮಾನರು ಇಂಥ ಕರುವಿಗೆ ಎರಡು ವರ್ಷ ಮೇವು ಹಾಕಿ, ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಹಾಕಿಸಿ, ಕೊನೆಗೆ ನನ್ನ ಹತ್ತಿರ ಬಂದಿದ್ದರು. ಅವಳಿಯಾ ಎಂದು ಕೇಳಿದೆ. ಹೌದು ಎಂದರು. ಹೇಳುವುದಕ್ಕೆ ಬೇರೇನೂ ಉಳಿದಿರಲಿಲ್ಲ.

ಕಾರಣ, ಹೊಟ್ಟೆಯಲ್ಲಿರುವಾಗ ಎರಡು ಕರುಗಳ ಮಾಸು ಕೂಡಿಕೊಂಡು ರಕ್ತನಾಳಗಳು ಬೆಸೆಯುತ್ತವೆ. ಹೋರಿಯ ಕಡೆಯ ಹಾರ್ಮೋನು ಹೆಣ್ಣುಗರುವಿನ ಗರ್ಭಕೋಶ ಬೆಳೆಯದಂತೆ ತಡೆಯುತ್ತದೆ. 1945ರಲ್ಲಿ ರೇ ಓವನ್ ಎಂಬವರು ಇಂಥ ಅವಳಿಗಳ ರಕ್ತದ ಗುಂಪು ಪರೀಕ್ಷೆ ಮಾಡುವಾಗ ವಿಚಿತ್ರ ಕಂಡರು. ಒಂದೊಂದು ಕರುವಿನಲ್ಲೂ ಎರಡು ಬಗೆಯ ರಕ್ತ ಇತ್ತು, ತನ್ನದು ಮತ್ತು ಜೊತೆಯದ್ದು. ದೊಡ್ಡ ಹಸುವಾದ ಮೇಲೂ ಇತ್ತು. ಕೆಂಪು ಕಣದ ಆಯಸ್ಸು ಕೆಲವೇ ತಿಂಗಳು. ಹಾಗಾದರೆ ಹೊಟ್ಟೆಯಲ್ಲಿ ಅದಲುಬದಲಾದದ್ದು ಬರೀ ರಕ್ತ ಅಲ್ಲ, ರಕ್ತ ಹುಟ್ಟಿಸುವ ಕೋಶಗಳೇ. ಕಾಂಡಕೋಶ ಇದೆ ಎಂದು 1961ರಲ್ಲಿ ಟಿಲ್ ಮತ್ತು ಮೆಕಲಕ್ ಪ್ರಯೋಗದಲ್ಲಿ ತೋರಿಸುವುದಕ್ಕೆ 16 ವರ್ಷ ಮೊದಲೇ ಹಸು ಅದನ್ನು ಹೇಳಿತ್ತು. ಇನ್ನೊಂದು ಆಶ್ಚರ್ಯ: ಪರರ ಕೋಶಗಳನ್ನು ಮೈ ಯಾಕೆ ಓಡಿಸಲಿಲ್ಲ? ಕಾವಲು ಕೋಶಗಳು ಪಾಠ ಕಲಿಯುವ ಮುಂಚೆಯೇ ಮನೆಗೆ ಬಂದವರನ್ನು ಅವು ಮನೆಯವರೇ ಎಂದುಕೊಳ್ಳುತ್ತವೆ. ಇದೇ ಎಳೆ ಹಿಡಿದು ಬರ್ನೆಟ್ ಎಂಬ ವಿಜ್ಞಾನಿ ಇದನ್ನು ಊಹಿಸಿದರು, ಮೆಡಾವರ್ ಎಂಬವರು ಇಲಿಗಳಲ್ಲಿ ತೋರಿಸಿದರು. ಇಬ್ಬರಿಗೂ 1960ರಲ್ಲಿ ನೊಬೆಲ್ ಬಂತು. ಓವನ್‌ಗೆ ಬರಲಿಲ್ಲ. ನನಗೆ ಅದು ಇವತ್ತಿಗೂ ಅನ್ಯಾಯ ಅನಿಸುತ್ತದೆ.

ಕೊನೆಯ ಪ್ರಶ್ನೆ, ತಾಯಿಯಿಂದ ಏನು ಬರುತ್ತದೆ? ಮಗುವಿನ ಕಾವಲು ಕೋಶಗಳು ಮಗುವಿನದ್ದೇ, ತಾಯಿ ಕೊಟ್ಟದ್ದಲ್ಲ. ತಾಯಿ ಕೊಡುವುದು ಮುಖ್ಯವಾಗಿ ತಯಾರಾದ ಪ್ರತಿಕಾಯಗಳನ್ನು. ಮನುಷ್ಯರಲ್ಲಿ ಅವು ಮಾಸಿನ ಮೂಲಕ ದಾಟುತ್ತವೆ, ಹೆಚ್ಚಿನ ಪಾಲು ಕೊನೆಯ ಮೂರು ತಿಂಗಳಲ್ಲಿ. ದಿನ ತುಂಬದೆ ಹುಟ್ಟಿದ ಮಗುವಿಗೆ ಸೋಂಕಿನ ಭಯ ಜಾಸ್ತಿ ಇರುವುದಕ್ಕೆ ಇದೂ ಒಂದು ಕಾರಣ. ದಡಾರದ ಲಸಿಕೆಯನ್ನು 9 ತಿಂಗಳವರೆಗೆ ಕಾದು ಹಾಕುವುದೂ ಈ ಸಾಲ ತೀರಲಿ ಎಂದೇ. ತಾಯಿಯ ಪ್ರತಿಕಾಯ ಇರುವಾಗ ಹಾಕಿದರೆ ಲಸಿಕೆಯನ್ನು ಅದೇ ನುಂಗಿಬಿಡುತ್ತದೆ.

ಹಸುವಿನ ಮಾಸು ಪ್ರತಿಕಾಯವನ್ನು ದಾಟಲು ಬಿಡುವುದಿಲ್ಲ. ಕರು ಹುಟ್ಟುವಾಗ ಕೋಶಗಳು ಇರುತ್ತವೆ, ಪ್ರತಿಕಾಯ ಇರುವುದಿಲ್ಲ. ಎಲ್ಲವೂ ಗಿಣ್ಣು ಹಾಲಿನಲ್ಲಿ ಬರಬೇಕು. ಕರುಳು ಅದನ್ನು ಇಡಿಯಾಗಿ ಹೀರುವುದು ಸುಮಾರು ಒಂದು ದಿನ ಮಾತ್ರ, ಅದೂ ಗಂಟೆ ಗಂಟೆಗೆ ಕಡಿಮೆಯಾಗುತ್ತಾ ಹೋಗುತ್ತದೆ. ಮಾಸು ಬೀಳುವವರೆಗೆ ಕರುವಿಗೆ ಹಾಲು ಬಿಡಬಾರದು ಎಂದು ಕಾಯುವವರು ಇನ್ನೂ ಇದ್ದಾರೆ. ದಯವಿಟ್ಟು ಆ ಮಾತು ಕೇಳಬೇಡಿ ಎಂದು ನಿಮ್ಮ ಮಕ್ಕಳ ಮೂಲಕ ಮನೆಗಳಿಗೆ ಹೇಳಿಸಿ. ಎರಡು ಗಂಟೆಯೊಳಗೆ ಹೊಟ್ಟೆ ತುಂಬ ಕುಡಿಸಲಿ. ನಾವು ಗಿಣ್ಣು ತಿನ್ನಬಾರದು ಎಂದಲ್ಲ, ನನಗೂ ಏಲಕ್ಕಿ ಬೆಲ್ಲ ಹಾಕಿದ್ದು ಬಹಳ ಇಷ್ಟ. ಕರು ಕುಡಿದು ಉಳಿದರೆ.

ಹಾಗಂತ ತಾಯಿಯ ಕೋಶಗಳು ಒಂದೂ ದಾಟುವುದಿಲ್ಲ ಎಂದಲ್ಲ. ಕೆಲವು ದಾಟುತ್ತವೆ, ಮಗುವಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಮಗುವಿನ ಕೋಶಗಳೂ ತಾಯಿಯ ಮೈ ಸೇರುತ್ತವೆ. 1996ರಲ್ಲಿ ಡಯಾನಾ ಬಿಯಾಂಕಿ ಮತ್ತು ಜೊತೆಗಾರರು ಗಂಡು ಮಗು ಹೆತ್ತ ಹೆಂಗಸರ ರಕ್ತದಲ್ಲಿ ವೈ ಕ್ರೋಮೋಸೋಮ್ ಇರುವ ಕೋಶಗಳನ್ನು ಹುಡುಕಿದರು. ಒಬ್ಬ ತಾಯಿಯಲ್ಲಿ ಹೆರಿಗೆ ಆಗಿ 27 ವರ್ಷದ ಮೇಲೂ ಸಿಕ್ಕವು.